ಹಬ್ಬದ ವೈನಿನಲ್ಲಿ ನಮ್ಮ ಊರಿನ ಪಾಲೆಷ್ಟು?

ಕ್ರಿಸ್ತ ಜಯಂತಿಗೆ ಇನ್ನೂ ಆರೇಳು ವಾರ ಇರುವಾಗಲೇ ಮುತ್ತಂಗದ ಕಡೆಯ ಮನೆಗಳಲ್ಲಿ ಭರಣಿ ತೊಳೆಯುವ ಮಾತು ಶುರುವಾಗುತ್ತದೆ. ಕೇಕಿನ ಜೊತೆ ಒಂದು ಲೋಟ ವೈನು. ಅಗ್ಗದ್ದು, ನಮ್ಮ ಊರಿನದ್ದು ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಭರಣಿಯೊಳಗೆ ನಿಜವಾಗಿ ಏನಿದೆ ಎಂದು ಈ ಸಲ ನೋಡೋಣ.

ಕಪ್ಪು ದ್ರಾಕ್ಷಿ ನಮ್ಮ ತೋಟದ್ದಲ್ಲ. ಅದು ತಮಿಳುನಾಡಿನ ಕಂಬಂ ಕಣಿವೆಯ ಪನ್ನೀರ್ ದ್ರಾಕ್ಷಿಯೋ, ಚಿಕ್ಕಬಳ್ಳಾಪುರ, ದೇವನಹಳ್ಳಿ ಸೀಮೆಯ ಬೆಂಗಳೂರು ನೀಲಿ ದ್ರಾಕ್ಷಿಯೋ ಆಗಿರುತ್ತದೆ. ಸಕ್ಕರೆ, ಗೋಧಿ ಅಂಗಡಿಯವು. ನಮ್ಮ ವಯನಾಡಿನದ್ದು ಬಹಳವಾದರೆ ಒಂದು ತುಂಡು ಶುಂಠಿ, ನಾಲ್ಕು ಏಲಕ್ಕಿ!

ಕೊಡಗಿನ ಶುಂಠಿ ವೈನ್, ವೀಳ್ಯದೆಲೆ ವೈನ್ ಹೆಸರಾದವು. ಆದರೆ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ತಿಂದು ಮದ್ಯಸಾರ ಮಾಡುತ್ತದೆ; ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಕರಗಿದರೆ ಶೇಕಡಾ 1ರಷ್ಟು ಮದ್ಯಸಾರ. ಎಲೆಯಲ್ಲಿ ಅಷ್ಟು ಸಕ್ಕರೆ ಎಲ್ಲಿದೆ? ಪರಿಮಳ ಊರಿನದ್ದು, ಅಮಲು ಸಕ್ಕರೆ ಚೀಲದ್ದು. ನೆಗಡಿಗೆ ಔಷಧಿಯೆಂದು ಮಕ್ಕಳಿಗೆ ಕೊಡುವವರು ಇದನ್ನು ಗಮನಿಸಬೇಕು. ಕರಗದೆ ಉಳಿದ ಸಕ್ಕರೆ ಸಿಹಿಮೂತ್ರ ರೋಗಿಗಳಿಗೆ ಕೆಡುಕು. ಮದ್ಯಸಾರಕ್ಕೆ ಸುರಕ್ಷಿತ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ತನ್ನದೇ ಸಕ್ಕರೆ ಇರುವ ಹಣ್ಣುಗಳು ನಮ್ಮಲ್ಲಿ ಬೇರೆ ಇವೆ: ಹಲಸು, ಬಾಳೆ, ಅನಾನಸ್. ಕಾಡಂಚಿನಲ್ಲಿ ಹಲಸು ಹಣ್ಣಾದರೆ ವಾಸನೆ ಮೊದಲು ಹಿಡಿಯುವುದು ಆನೆ. ಹಾಗಾಗಿ ಎಷ್ಟೋ ರೈತರು ಕಾಯಿಯನ್ನೇ ಕಡಿದು ಬಿಸಾಡುತ್ತಾರೆ. ಊರಿನ ರುಚಿಯ ಅಗ್ಗದ ವೈನು ಎಂದರೆ ಅದು ಈ ಹಣ್ಣಿನಿಂದ ಬರಬೇಕು ಎಂಬುದು ನಮ್ಮ ಅಭಿಪ್ರಾಯ. ಬಲಿಪೂಜೆಗೆ ಮಾತ್ರ ಇದು ಸಲ್ಲದು. ಧರ್ಮಸಭೆಯ ಕಾನೂನಿನ 924ನೇ ವಿಧಿಯಂತೆ ಅಲ್ಲಿಗೆ ದ್ರಾಕ್ಷಿಯ ಶುದ್ಧ ರಸವೇ ಆಗಬೇಕು, ಕೆಟ್ಟಿರಬಾರದು.

ಆದರೆ ಮನೆಯಲ್ಲಿ ಮಾಡಬಹುದೇ? ಕೇರಳದಲ್ಲಿ ಪರವಾನಗಿ ಇಲ್ಲದೆ ವೈನು ಹುದುಗಿಸುವುದು ಅಪರಾಧ. 2019ರ ಡಿಸೆಂಬರಿನಲ್ಲಿ ಅಬಕಾರಿ ಇಲಾಖೆ ಕ್ರಿಸ್ಮಸ್ ವೈನಿನ ಬಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು. ನೆಂಟರ ಮನೆಯ ಬಾಟಲಿಯನ್ನು ಚೀಲದಲ್ಲಿಟ್ಟು ಮುತ್ತಂಗ ಚೆಕ್‌ಪೋಸ್ಟ್ ದಾಟಬಹುದೆಂದು ತಿಳಿಯುವುದೂ ತಪ್ಪು. ಹುದುಗು ಮುಗಿಯದ ಬಾಟಲಿಗೆ ಬಿಗಿಯಾಗಿ ಬಿರಡೆ ಹಾಕಿದರೆ ಒಳಗಿನ ಅನಿಲ ಗಾಜನ್ನು ಸಿಡಿಸುತ್ತದೆ, ಕಣ್ಣಿಗೆ ಅಪಾಯ.

ದಾರಿ ಇಲ್ಲವೆಂದಲ್ಲ. ಕೇರಳದ ರೈತರ ಹಣ್ಣುಗಳಿಂದ ವೈನು ಮಾಡುವ ಸಣ್ಣ ಘಟಕಗಳಿಗೆ ಸರ್ಕಾರ 2022ರಲ್ಲಿ ನಿಯಮ ತಂದಿತು. ವೆಳ್ಳಾನಿಕ್ಕರದ ಕೇರಳ ಕೃಷಿ ವಿಶ್ವವಿದ್ಯಾಲಯ ‘ನಿಳಾ’ ಹೆಸರಿನಲ್ಲಿ ಗೇರುಹಣ್ಣು, ಅನಾನಸ್ ಮತ್ತು ಬಾಳೆಹಣ್ಣಿನ ವೈನು ಸಿದ್ಧಪಡಿಸಿದೆ. ಒಬ್ಬ ರೈತನ ಕೈಗೆ ಇದು ಭಾರವಾದೀತು, ಹತ್ತು ಮನೆ ಸೇರಿದರೆ ಯೋಚಿಸಬಹುದು. ಆಸಕ್ತರು ಮೊದಲು ಕೃಷಿ ಭವನದಲ್ಲಿ, ಆಮೇಲೆ ಅಬಕಾರಿ ಕಚೇರಿಯಲ್ಲಿ ವಿಚಾರಿಸಲಿ. ಅಲ್ಲಿಯವರೆಗೆ ಈ ಹಬ್ಬಕ್ಕೆ ಅನಾನಸ್ ಹಣ್ಣಿನ ಪಾನಕ ಸಾಕು.