ಹಿಮದ ಗುಡ್ಡಕ್ಕೆ ಯಾವ ಹೈಬ್ರಿಡ್? ಮೊದಲು ಮ್ಯೂ ಕೇಳಿ

ನಮ್ಮ ಅಕ್ಕ-ಬಾವ ಇರೋದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಇಥಾಕಾದಲ್ಲಿ. ನ್ಯೂಯಾರ್ಕ್ ಅಂದ ಕೂಡಲೇ ದೊಡ್ಡ ದೊಡ್ಡ ಬಿಲ್ಡಿಂಗ್ ನೆನಪಿಸಿಕೊಳ್ಳಬೇಡಿ, ಇದು ಕಾಯುಗಾ ಸರೋವರದ ದಂಡೆಯ ಪುಟ್ಟ ಊರು. ಪೇಟೆ ಕೆಳಗಡೆ, ಕಾರ್ನೆಲ್ ವಿಶ್ವವಿದ್ಯಾಲಯ ನೂರು ಮೀಟರ್‌ಗೂ ಹೆಚ್ಚು ಎತ್ತರದ ಗುಡ್ಡದ ಮೇಲೆ. ಬಫಲೋ ಸ್ಟ್ರೀಟ್ ಥರದ ರಸ್ತೆಗಳು ಸುತ್ತುಬಳಸು ಇಲ್ಲದೆ ನೇರವಾಗಿ ಗುಡ್ಡ ಹತ್ತುತ್ತವೆ. ಚಳಿಗಾಲದಲ್ಲಿ ಅದರ ಮೇಲೆ ಹಿಮ. ಚಿಕ್ಕ ಮಗು ಇರುವ ಮನೆಗೆ ಯಾವ ಹೈಬ್ರಿಡ್ ಎಸ್‌ಯುವಿ ಸರಿ ಅನ್ನೋ ಪ್ರಶ್ನೆ, "ನೀನು ಇಂಜಿನಿಯರಿಂಗ್ ಓದ್ತಿದ್ದೀಯಲ್ಲ" ಅಂತ ನನ್ನ ಹತ್ತಿರ ಬಂತು.

ಇದಕ್ಕೆ ಬೇಕಾದ ಥಿಯರಿ ಎಲ್ಲಾ ನಮ್ಮ ಮೊದಲ ವರ್ಷದ ಮೆಕ್ಯಾನಿಕ್ಸ್‌ನಲ್ಲೇ ಇದೆ. ಇಳಿಜಾರಿನ ಮೇಲೆ ಒಂದು ಬ್ಲಾಕ್, ಅದರ ಫ್ರಿಕ್ಷನ್, ಅಷ್ಟೇ. ಒಣಗಿದ ಡಾಂಬರಿನ ಮೇಲೆ ಮ್ಯೂ 0.7 ಅಂತ ಇಟ್ಕೊಳ್ಳಿ. ಗಟ್ಟಿಯಾದ ಹಿಮದ ಮೇಲೆ ಸಾಧಾರಣ ಟೈರಿಗೆ 0.2, ಚಳಿಗಾಲದ ಟೈರಿಗೆ 0.3. ಇವು ಲೆಕ್ಕಕ್ಕೆ ಹಿಡಿದ ಸಂಖ್ಯೆಗಳು, ರಸ್ತೆ ಮೇಲೆ ಹೆಚ್ಚುಕಮ್ಮಿ ಆಗುತ್ತೆ.

ಮೊದಲು ಹತ್ತೋದು. ಮುಂದಿನ ಚಕ್ರ ಮಾತ್ರ ತಿರುಗುವ ಕಾರಿನಲ್ಲಿ ತೂಕದ ಸುಮಾರು 60% ಮುಂದೆ ಇದ್ದರೆ, ಎಳೆಯೋಕೆ ಸಿಗೋದು 0.2ರಲ್ಲಿ 60%, ಅಂದ್ರೆ 0.12. ಹತ್ತಬಹುದಾದ ಏರು 12%. ಏರಿನಲ್ಲಿ ಭಾರ ಹಿಂದಕ್ಕೆ ಜಾರುವುದರಿಂದ ಇನ್ನೂ ಸ್ವಲ್ಪ ಕಡಿಮೆನೇ. ಅದೇ ಟೈರಿನ ಆಲ್ ವೀಲ್ ಡ್ರೈವ್ 20% ಹತ್ತುತ್ತೆ. ಜಾಹೀರಾತಿನಲ್ಲಿ ತೋರಿಸೋದು ಈ ಅರ್ಧ ಮಾತ್ರ.

ಈಗ ಇಳಿಯೋಣ. ಬ್ರೇಕ್ ಎಲ್ಲಾ ಕಾರಿಗೂ ನಾಲ್ಕು ಚಕ್ರಕ್ಕೂ ಇರುತ್ತೆ, ಹಾಗಾಗಿ ನಿಲ್ಲಿಸುವಾಗ ಆಲ್ ವೀಲ್ ಡ್ರೈವ್‌ನಿಂದ ಲಾಭ ಇಲ್ಲ. ನಿಲ್ಲೋ ದೂರ ಬೇಕಾದ್ರೆ ವೇಗದ ವರ್ಗವನ್ನು 2×ಮ್ಯೂ×ಜಿಯಿಂದ ಭಾಗಿಸಿ. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಒಣ ರಸ್ತೆಗೆ 9 ಮೀಟರ್ ಬರುತ್ತೆ, ಸಮತಟ್ಟಾದ ಹಿಮಕ್ಕೆ ಸುಮಾರು 31. ಹತ್ತು ಮೀಟರ್‌ಗೆ ಒಂದು ಮೀಟರ್ ಇಳಿಯುವ 10% ಇಳಿಜಾರಾದರೆ ಮ್ಯೂನಿಂದ 0.1 ಕಳೀಬೇಕು, ಉಳಿಯೋದು 0.1. ದೂರ 63 ಮೀಟರ್! ಚಳಿಗಾಲದ ಟೈರ್ ಹಾಕಿದ್ರೆ 0.3ರಲ್ಲಿ 0.1 ಕಳೆದು 0.2, ಮತ್ತೆ 31 ಮೀಟರ್. ಮ್ಯೂ ಬದಲಾಗಿದ್ದು ಬರೀ 0.1, ನಿಲ್ಲೋ ದೂರ ಅರ್ಧ ಆಯ್ತು. ಇಳಿಜಾರೇ 20% ಇದ್ದು ಮ್ಯೂ 0.2 ಆದರೆ ಛೇದ ಸೊನ್ನೆ. ಗಾಡಿ ನಿಲ್ಲೋದೇ ಇಲ್ಲ.

ಸಾಧಾರಣ ಟೈರಿನ ರಬ್ಬರ್ ಸುಮಾರು 7 ಡಿಗ್ರಿಗಿಂತ ಕೆಳಗೆ ಬಿರುಸಾಗ್ತಾ ಹೋಗುತ್ತೆ, ಚಳಿಗಾಲದ್ದು ಮೆತ್ತಗೇ ಇರುತ್ತೆ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಚಿತ್ರ ಇದ್ದರೆ ಅದು ಹಿಮದ ಪರೀಕ್ಷೆ ಪಾಸಾದ ಟೈರ್. ಬರೀ 'ಎಂ+ಎಸ್' ಅಂತ ಬರೆದಿದ್ದರೆ ನಂಬ್ಕೊಂಡು ಕೂರಬೇಡಿ.

ಇನ್ನು ಕಾರುಗಳು. ಟೊಯೋಟಾ ರ‍್ಯಾವ್4 ಹೈಬ್ರಿಡ್‌ನಲ್ಲಿ (2019ರಿಂದ 2025ರವರೆಗಿನ ಮಾದರಿ) ಹಿಂದಿನ ಚಕ್ರಗಳಿಗೆ ಇಂಜಿನ್‌ನಿಂದ ಶಾಫ್ಟೇ ಹೋಗಲ್ಲ, ಅಲ್ಲೊಂದು ಪ್ರತ್ಯೇಕ 40 ಕಿಲೋವ್ಯಾಟ್ ಮೋಟರ್ ಇದೆ. ಹೋಂಡಾ ಸಿಆರ್-ವಿ ಮತ್ತು ಸುಬಾರು ಫಾರೆಸ್ಟರ್ ಹೈಬ್ರಿಡ್‌ಗಳು ಹಳೇ ಪದ್ಧತಿಯಂತೆ ಶಾಫ್ಟ್ ಉಳಿಸಿಕೊಂಡಿವೆ. (ನಮ್ಮ ಗ್ರ್ಯಾಂಡ್ ವಿಟಾರಾ 2022ರಲ್ಲಿ ಬಂದಾಗ ಸ್ಟ್ರಾಂಗ್ ಹೈಬ್ರಿಡ್ ತಗೊಂಡ್ರೆ ಆಲ್ ವೀಲ್ ಡ್ರೈವ್ ಸಿಗ್ತಿರಲಿಲ್ಲ, ಎರಡರಲ್ಲಿ ಒಂದು.) ಟೊಯೋಟಾದ ಹಿಂದಿನ ಮೋಟರ್ ಚಿಕ್ಕದು, ಸಾಲಲ್ಲ ಅನ್ನೋರು ಬಹಳ. ಲೆಕ್ಕ ಹಾಕಿ ನೋಡಿ. ಮನೆಮಂದಿ ಕೂತ ಮೇಲೆ 1900 ಕಿಲೋ, ಹಿಂದೆ 45% ತೂಕ, ಮ್ಯೂ 0.3. ಆ ಚಕ್ರಗಳು ಜಾರದೆ ತಳ್ಳಬಹುದಾದ ಬಲ ಸುಮಾರು 2500 ನ್ಯೂಟನ್. ಗಂಟೆಗೆ 20 ಕಿಲೋಮೀಟರ್ ವೇಗಕ್ಕೆ 14 ಕಿಲೋವ್ಯಾಟ್ ಸಾಕು. ಹಿಮದ ಮೇಲೆ ಮೊದಲು ಸೋಲೋದು ಟೈರ್, ಮೋಟರ್ ಅಲ್ಲ.

ಮೈಲೇಜ್ ನೋಡಿದರೆ ಅಮೆರಿಕದ ಸರ್ಕಾರಿ ಅಂಕಿಯಲ್ಲಿ ರ‍್ಯಾವ್4 ಗ್ಯಾಲನ್‌ಗೆ 40 ಮೈಲಿ, ಆಲ್ ವೀಲ್ ಡ್ರೈವ್ ಸಿಆರ್-ವಿ 37, ಫಾರೆಸ್ಟರ್ 35. ನಮ್ಮ ಲೆಕ್ಕದಲ್ಲಿ ಲೀಟರಿಗೆ ಸುಮಾರು 17, 15.7 ಮತ್ತು 15 ಕಿಲೋಮೀಟರ್. ಆದರೆ ಅಲ್ಲಿನ ಇಂಧನ ಇಲಾಖೆಯೇ ಹೇಳೋ ಪ್ರಕಾರ ಮೈನಸ್ 7 ಡಿಗ್ರಿಯಲ್ಲಿ ಊರೊಳಗಿನ ಓಡಾಟಕ್ಕೆ ಸಾಧಾರಣ ಪೆಟ್ರೋಲ್ ಕಾರಿನ ಮೈಲೇಜ್ 15% ಇಳಿದರೆ ಹೈಬ್ರಿಡ್‌ನದ್ದು 30ರಿಂದ 34% ಇಳಿಯುತ್ತೆ. ಹೀಟರ್‌ಗೆ ಬಿಸಿ ಬೇಕು, ಆ ಬಿಸಿಗೆ ಇಂಜಿನ್ ಓಡ್ತಾನೇ ಇರಬೇಕು. ತಣ್ಣಗಿರೋ ಬ್ಯಾಟರಿ ಚಾರ್ಜನ್ನೂ ಬೇಗ ತಗೊಳ್ಳಲ್ಲ.

ಹಾಗಂತ ಗುಡ್ಡಕ್ಕೆ ಹೈಬ್ರಿಡ್ ದಂಡ ಅಲ್ಲ. 1900 ಕಿಲೋ ಗಾಡಿ ನೂರು ಮೀಟರ್ ಇಳಿದರೆ ಎಂ×ಜಿ×ಎಚ್ ಸುಮಾರು ಅರ್ಧ ಕಿಲೋವ್ಯಾಟ್ ಅವರ್. ಇಂಥ ಕಾರುಗಳ ಬ್ಯಾಟರಿ 1ರಿಂದ 2 ಕಿಲೋವ್ಯಾಟ್ ಅವರ್, ಅದನ್ನೂ ಪೂರ್ತಿ ಬಳಸಲ್ಲ. ಇಥಾಕಾದ ಒಂದು ಇಳಿಜಾರು ಅದರಲ್ಲಿ ಹೆಚ್ಚುಕಮ್ಮಿ ಹಿಡಿಸುತ್ತೆ. ಇದಕ್ಕಿಂತ ಉದ್ದದ ಘಾಟಿ ಆದರೆ ಬ್ಯಾಟರಿ ತುಂಬಿ, ಇಂಜಿನ್ ಬ್ರೇಕಿಂಗ್ ಮೇಲೆ ಇಳೀಬೇಕು.

ಅಕ್ಕನಿಗೆ ನಾನು ಹೇಳಿದ್ದು ಇಷ್ಟು: ಮನೆ ಮುಂದೆ ಹಿಮ ತೆಗೆಯೋರಿಲ್ಲದ ಉದ್ದನೆಯ ದಾರಿ ಇದ್ದರೆ ಫಾರೆಸ್ಟರ್, ಯಾಕಂದ್ರೆ ಅದರ ಗ್ರೌಂಡ್ ಕ್ಲಿಯರೆನ್ಸ್ 8.7 ಇಂಚು, ಉಳಿದೆರಡರದ್ದು 8ರ ಆಸುಪಾಸು. ಪೇಟೆಯಲ್ಲೇ ಮನೆ ಆದರೆ ರ‍್ಯಾವ್4. ಯಾವುದೇ ತಗೊಂಡರೂ ಸನ್‌ರೂಫ್ ಬಿಟ್ಟು ಆ ದುಡ್ಡಿಗೆ ಬೇರೆ ರಿಮ್ ಸಮೇತ ನಾಲ್ಕು ಚಳಿಗಾಲದ ಟೈರ್. ಮುಂದಿನ ಎರಡೇ ಸಾಲದಾ ಅಂದ್ರೆ, ಸಾಲಲ್ಲ. ಇಳಿಯುವಾಗ ಬ್ರೇಕ್ ಒತ್ತಿದ್ರೆ ಮುಂದಿನ ಚಕ್ರ ಹಿಡಿಯುತ್ತೆ, ಹಿಂದಿನದು ಪಕ್ಕಕ್ಕೆ ಜಾರಿ ಗಾಡಿನೇ ತಿರುಗಿ ನಿಲ್ಲಬಹುದು.