ಚಿನ್ನು ಕರೆದರೆ ಮುನ್ನು ಬರುತ್ತಾನೆ!

ಪ್ರಶ್ನೆ: ನಮ್ಮಲ್ಲಿ ಒಂದು ವರ್ಷದ ಎರಡು ಬೆಕ್ಕುಗಳಿವೆ. ಚಿನ್ನು ಹೆಣ್ಣು, ಮುನ್ನು ಗಂಡು. ಒಂದನ್ನು ಕರೆದರೆ ಇನ್ನೊಂದು ಬರುತ್ತದೆ. ಮುನ್ನು ನಸುಕಿಗೇ ಲೋಟ ಬೀಳಿಸಿ ಎಬ್ಬಿಸುತ್ತಾನೆ. ಈಚೆಗೆ ಸೋಫಾದ ಹಿಂದೆ ಮೂತ್ರ ಮಾಡುತ್ತಿದ್ದಾನೆ. ಏನು ಮಾಡಲಿ?
– ಓದುಗರು, ಪಣಂಬೂರು

ಪಶುವೈದ್ಯರ ಉತ್ತರ: ಮೊದಲು ಮೂತ್ರದ ವಿಷಯ. ಮುನ್ನು ಪದೇ ಪದೇ ಕುಳಿತು ತಿಣುಕಿದರೂ ಮೂತ್ರ ಬಾರದಿದ್ದರೆ, ರಕ್ತ ಕಂಡರೆ, ಅಂದೇ ಪಶು ಆಸ್ಪತ್ರೆಗೆ ಒಯ್ಯಿರಿ. ಗಂಡು ಬೆಕ್ಕಿನ ಮೂತ್ರನಾಳ ಕಟ್ಟಿದರೆ ಜೀವಕ್ಕೇ ಅಪಾಯ. ಬಾಲ ಎತ್ತಿ ನಿಂತು ಗೋಡೆಗೆ ಸಿಂಪಡಿಸುತ್ತಿದ್ದರೆ ಅದು ಗಡಿ ಗುರುತಿಸುವ ಚಾಳಿ. ಸಂತಾನಹರಣ ಶಸ್ತ್ರಚಿಕಿತ್ಸೆಯಿಂದ ಬಹುಪಾಲು ನಿಲ್ಲುತ್ತದೆ. ಚಿನ್ನುವಿಗೂ ಮಾಡಿಸಿ, ಇಬ್ಬರಿಗೂ ರೇಬೀಸ್ ಲಸಿಕೆ ಹಾಕಿಸಿ. ಮೂತ್ರ ಬಿದ್ದ ಜಾಗವನ್ನು ಫಿನಾಯಿಲ್‌ನಿಂದ ಒರೆಸಬೇಡಿ, ಅದು ಬೆಕ್ಕಿಗೆ ವಿಷ. ಎರಡು ಬೆಕ್ಕಿಗೆ ಮೂರು ಮರಳಿನ ಟ್ರೇ ಇಡಿ.

ಇನ್ನು ಹೆಸರು. ಬೆಕ್ಕು ತನ್ನ ಹೆಸರನ್ನು ಗುರುತಿಸಬಲ್ಲದು ಎಂದು 2019ರ ಜಪಾನಿನ ಅಧ್ಯಯನ ತೋರಿಸಿದೆ. ಆದರೆ ನಿಮ್ಮ ಎರಡೂ ಹೆಸರು ಪ್ರಾಸಬದ್ಧ! ಮುನ್ನುವನ್ನು ‘ಟಾಮಿ’ ಎನ್ನಿ. ಊಟದ ತಟ್ಟೆ ಇಡುವ ಮುನ್ನ ಆ ಹೆಸರು ಕರೆಯಿರಿ, ಬೈಯುವಾಗ ಬಳಸಬೇಡಿ.

ಲೋಟ ಬಿದ್ದಾಗ ಎದ್ದು ಊಟ ಕೊಟ್ಟರೆ ಚಾಳಿ ಬಲಿಯುತ್ತದೆ. ಲೋಟಗಳನ್ನು ಒಳಗಿಡಿ. ಮಲಗುವ ಮುನ್ನ ಹಗ್ಗ ಎಳೆದು ಆಡಿಸಿ, ನಂತರ ಊಟ ಹಾಕಿ. ಬೂತಾಯಿ, ಬಂಗುಡೆ ಕೊಡುವುದಾದರೆ ಬೇಯಿಸಿ, ಮುಳ್ಳು ತೆಗೆದು ಕೊಡಿ. ಈರುಳ್ಳಿ, ಬೆಳ್ಳುಳ್ಳಿ ಬೆರೆತ ಸಾರು ಬೇಡ.