ಚೌಕದಲ್ಲಿ ಬೀಳುವ ಬಿಸಿಲು

ಮಧ್ಯಾಹ್ನದ ಬಿಸಿಲಲ್ಲಿ ಫೋಟೊ ತೆಗೆಯಬೇಡ, ಬೆಳಗ್ಗೆ ಇಲ್ಲವೇ ಸಂಜೆ ತೆಗೆ ಎಂದು ಕ್ಯಾಮೆರಾ ಕೊಂಡ ಹೊಸದರಲ್ಲಿ ಎಲ್ಲರೂ ಹೇಳಿದ್ದರು. ಆದರೆ ನನಗೆ ಬಿಡುವು ಸಿಗುತ್ತಿದ್ದದ್ದೇ ಶನಿವಾರ ಮಧ್ಯಾಹ್ನ. ಊಟ ಮುಗಿಸಿ ಮೈಸೂರು ಬ್ಯಾಂಕ್ ವೃತ್ತದಲ್ಲಿ ಬಸ್ಸಿಳಿದು, ಅವೆನ್ಯೂ ರಸ್ತೆ ಹಿಡಿದು ಕೆ.ಆರ್. ಮಾರುಕಟ್ಟೆಯವರೆಗೆ ನಡೆಯುವುದು ರೂಢಿಯಾಯಿತು. ಬೆಂಗಳೂರಿನ ಹಳೇ ಪೇಟೆಯ ಆ ನಡಿಗೆಯೇ ನನ್ನ ಪಾಠಶಾಲೆ.

ಮೊದಲ ವರ್ಷ ಬರೀ ಓಡಾಡಿದೆ. ಒಂದೊಂದು ಮಧ್ಯಾಹ್ನ ಮುನ್ನೂರು, ನಾನೂರು ಚಿತ್ರ. ಮನೆಗೆ ಬಂದು ನೋಡಿದರೆ ಜನರ ಬೆನ್ನು, ಅರ್ಧ ತುಂಡಾದ ಆಟೊ, ಹಣೆ ಬೆಳ್ಳಗೆ ಹೊಳೆದು ಕಣ್ಣಗುಳಿ ಕಪ್ಪಾದ ಮುಖಗಳು. ಬೆಂಗಳೂರಿನಲ್ಲಿ ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ನಡುಹಗಲು ಸೂರ್ಯ ನೆತ್ತಿಯ ಮೇಲೇ ಬಂದು, ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಅಂಥ ಬೆಳಕಿನಲ್ಲಿ ಮುಖ ಹುಡುಕಿದರೆ ಸಿಗುವುದಾದರೂ ಹೇಗೆ? ಅಂದಿನಿಂದ ಎರಡೂವರೆಗೆ ಮುಂಚೆ ಕ್ಯಾಮೆರಾ ಚೀಲದಿಂದ ಹೊರಗೆ ತೆಗೆಯುವುದನ್ನು ಬಿಟ್ಟೆ.

ಎರಡನೆಯ ಪಾಠ ಕಲಿಸಿದ್ದು ಬೀದಿಯೇ. 1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿಸುವಾಗ ದೊಡ್ಡಪೇಟೆ ಚೌಕದಿಂದ ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಬೀದಿಗಳ ಗುರುತು ಹಾಕಿಸಿದರು ಎಂಬ ಐತಿಹ್ಯವಿದೆ. ಅದನ್ನು ಬಹಳ ಸಲ ಓದಿದ್ದೆ. ಫೋಟೊಗ್ರಫಿಗೆ ಅದರಿಂದ ಏನು ಉಪಯೋಗ ಎಂಬುದು ಅಲ್ಲಿ ನಿಂತಾಗ ಹೊಳೆಯಿತು. ಹಿಂದಿನ ದೊಡ್ಡಪೇಟೆ, ಅಂದರೆ ಇಂದಿನ ಅವೆನ್ಯೂ ರಸ್ತೆ, ಹೆಚ್ಚುಕಡಿಮೆ ಉತ್ತರದಿಂದ ದಕ್ಷಿಣಕ್ಕೆ ಚಾಚಿದೆ. ಚಿಕ್ಕಪೇಟೆಯ ಬೀದಿ ಪಶ್ಚಿಮದಿಂದ ಬಂದು ಅದನ್ನು ಸೇರುತ್ತದೆ. ಮೂರು ಗಂಟೆ ದಾಟಿದರೆ ಪಶ್ಚಿಮ ಬದಿಯ ಕಟ್ಟಡಗಳ ನೆರಳು ಅವೆನ್ಯೂ ರಸ್ತೆಯನ್ನು ನಿಧಾನವಾಗಿ ಮುಚ್ಚುತ್ತಾ ಬರುತ್ತದೆ. ಚಿಕ್ಕಪೇಟೆಯ ಬಾಯಿ ತೆರೆದುಕೊಳ್ಳುವ ಚೌಕದಲ್ಲಿ ಮಾತ್ರ ಬಿಸಿಲಿನ ಒಂದು ಪಟ್ಟಿ ಅಡ್ಡಲಾಗಿ ಉಳಿಯುತ್ತದೆ. ಬಟ್ಟೆಯ ಗಂಟು ಹೊತ್ತವರು, ಸ್ಕೂಟರಿನವರು, ಮದುವೆ ಜವಳಿಗೆ ಬಂದ ಕುಟುಂಬಗಳು, ಎಲ್ಲರೂ ಆ ಪಟ್ಟಿಯನ್ನು ದಾಟಲೇಬೇಕು. ಜನರ ಹಿಂದೆ ಓಡುವ ಅಗತ್ಯವಿಲ್ಲ. ಬೆಳಕು ಎಲ್ಲಿ ಬೀಳುತ್ತದೋ ಅಲ್ಲಿ ಕಾದು ನಿಂತರೆ ಜನ ತಾವಾಗಿ ಬರುತ್ತಾರೆ.

ನಿಂತ ಮೇಲೆ ಕ್ಯಾಮೆರಾ ಕೆಲಸ ಸುಲಭ. ಸ್ವಯಂಚಾಲಿತಕ್ಕೆ ಬಿಟ್ಟರೆ ಅದು ನೆರಳನ್ನು ಅಳೆದು ಬಿಸಿಲಲ್ಲಿರುವ ಮುಖವನ್ನು ಸುಟ್ಟುಬಿಡುತ್ತದೆ. ಹಾಗಾಗಿ ಬಿಸಿಲಿಗೇ ಲೆಕ್ಕ ಹಾಕುತ್ತೇನೆ: ಐಎಸ್ಒ 200, ಅಪರ್ಚರ್ ಎಫ್ 8, ಶಟರ್ ಸೆಕೆಂಡಿನ 800ನೇ ಒಂದು ಭಾಗ. ನೆರಳು ಕಪ್ಪಾದರೆ ಆಗಲಿ, ಅಂಗಡಿ ಬೋರ್ಡುಗಳ ಗೊಂದಲವೆಲ್ಲ ಅದರಲ್ಲೇ ಅಡಗುತ್ತದೆ. ನನ್ನದು ಫುಲ್ ಫ್ರೇಮ್ ಕ್ಯಾಮೆರಾ, 35 ಎಂಎಂ ಲೆನ್ಸ್. ಫೋಕಸನ್ನು 10 ಅಡಿಗೆ ಇಟ್ಟರೆ ಸುಮಾರು 6 ಅಡಿಯಿಂದ 20 ಅಡಿಯವರೆಗೆ ಎಲ್ಲವೂ ಸ್ಪಷ್ಟ. ಆಮೇಲೆ ಗುಂಡಿ, ಚಕ್ರಗಳ ಯೋಚನೆ ಇಲ್ಲ. ಕಣ್ಣು ಪೂರ್ತಿ ಬೀದಿಯ ಮೇಲಿರುತ್ತದೆ.

ಮೂರನೆಯ ಪಾಠ ಬೆಳಕಿನದಲ್ಲ. ಒಂದು ಶನಿವಾರ ತರಗುಪೇಟೆಯಲ್ಲಿ ಮಂಡಿಯೊಂದರ ಮುಂದೆ ಹಿರಿಯ ಹಮಾಲಿಯೊಬ್ಬರು ಕೈಗಾಡಿಯ ಮೇಲೆ ಮಲಗಿದ್ದರು. ಟವೆಲ್ಲನ್ನು ಮಡಚಿ ತಲೆಗಿಟ್ಟುಕೊಂಡಿದ್ದರು; ಅಂಗಾಲಿನ ಬಿರುಕುಗಳಲ್ಲಿ ಬೆಲ್ಲದ ಪುಡಿ ಮೆತ್ತಿಕೊಂಡಿತ್ತು. ಹತ್ತಿರ ಹೋಗಿ ತೆಗೆದೆ. ಶಟರಿನ ಸದ್ದಿಗೆ ಎಚ್ಚರವಾಯಿತು.

“ಏನ್ ಸಾರ್, ಮಲಗಿರೋರದ್ದು ಯಾಕೆ ತೆಗೀತೀರಾ? ಬೆಳಗಿಂದ ಎಷ್ಟು ಮೂಟೆ ಹಾಕಿದೀನಿ, ಆಗ ಬರಬೇಕಿತ್ತು.”

ಅವರ ದನಿಯಲ್ಲಿ ಸಿಟ್ಟಿಗಿಂತ ನೋವಿತ್ತು. “ತಪ್ಪಾಯ್ತು ಯಜಮಾನ್ರೇ” ಎಂದು ಅವರೆದುರೇ ಅದನ್ನು ಅಳಿಸಿದೆ. ಅಳಿಸಿದರೂ ಅವರ ಮಾತು ಉಳಿಯಿತು. ದಿನವಿಡೀ ದುಡಿದವರ ಅರ್ಧ ಗಂಟೆಯ ನಿದ್ದೆಯನ್ನೇ ಅವರ ಬದುಕು ಎಂದು ತೋರಿಸಹೊರಟಿದ್ದೆ. ನೋಡಿದವರು ಅಯ್ಯೋ ಪಾಪ ಎನ್ನುತ್ತಿದ್ದರು, ಅಷ್ಟೆ. ಅವರಿಗೆ ಬೇಕಿದ್ದದ್ದು ಪಾಪ ಎನಿಸಿಕೊಳ್ಳುವುದಲ್ಲ, ದುಡಿಮೆ ಕಾಣುವುದು.

ಮೈಸೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ಮತ್ತೆ ತೆಗೆದು ನೋಡಿದ್ದು ಆಗಲೇ. ಸಾಮಾನ್ಯರನ್ನು ಜೀವನಪೂರ್ತಿ ಚಿತ್ರಿಸಿದ ಅವರ ಚೌಕಟ್ಟಿನಲ್ಲಿ ಯಾರೂ ಕುಗ್ಗಿ ಕಾಣುವುದಿಲ್ಲ. ಕೈಗೆ ಸಿಕ್ಕಿದ್ದೆಲ್ಲ ನನ್ನದಲ್ಲ ಎಂಬ ವಿವೇಕ ಇದ್ದವರಿಗೆ ಮಾತ್ರ ಅದು ಸಾಧ್ಯ. ಮಲಗಿದವರನ್ನು, ಅಳುವವರನ್ನು, ಬೇಡವೆಂದು ಕೈಯೆತ್ತಿದವರನ್ನು ಅಂದಿನಿಂದ ನಾನು ತೆಗೆಯುವುದಿಲ್ಲ. ಮಕ್ಕಳಾದರೆ ಜೊತೆಗಿರುವ ದೊಡ್ಡವರನ್ನು ಮೊದಲು ಕೇಳುತ್ತೇನೆ. ಅದರಿಂದ ಕೆಲವು ಒಳ್ಳೆಯ ಚಿತ್ರಗಳು ಕೈತಪ್ಪಿವೆ. ಬೇಸರವಿಲ್ಲ.

ಮುಂದಿನ ಶನಿವಾರ ಅದೇ ಮಂಡಿಗೆ ಹೋದೆ. ಹಿರಿಯರು ಗುರುತು ಹಿಡಿದರು. “ಇವತ್ತು ತೆಗೀರಿ ಸಾರ್, ಲೋಡು ಚಿಕ್ಕಪೇಟೆಗೆ” ಎಂದು ಗಾಡಿಯ ಹಗ್ಗ ಬಿಗಿದರು. ನಾನು ಮುಂದಾಗಿ ಹೋಗಿ ಚೌಕದಲ್ಲಿ ನಿಂತೆ. ನಾಲ್ಕರ ಹೊತ್ತಿಗೆ ನೆರಳು ತುಂಬಿದ ಅವೆನ್ಯೂ ರಸ್ತೆಯಿಂದ ಆ ಗಾಡಿ ಬಂತು. ಮುಂಗಾಲು ಊರಿ, ಹಿಂಗಾಲು ಒತ್ತಿ, ಬಿಸಿಲಿನ ಪಟ್ಟಿಗೆ ಬರುತ್ತಿದ್ದಂತೆ ಅವರು ತಲೆಯೆತ್ತಿದರು. ಮುಂಗೈಯ ನರಗಳು, ಬೆವರಿನ ಕೆನ್ನೆ, ಮೂಟೆಗಳ ಸಾಲು ಎಲ್ಲ ಒಮ್ಮೆಗೇ ಬೆಳಗಿದವು. ಒಂದೇ ಸಲ ಕ್ಲಿಕ್ಕಿಸಿದೆ. ಅವರು ನಿಲ್ಲಲಿಲ್ಲ, ಗಾಡಿ ತಿರುಗಿಸಿಕೊಂಡು ಚಿಕ್ಕಪೇಟೆಯ ಬಿಸಿಲಿಗೆ ಎದುರಾಗಿ ನಡೆದರು.